ಚೋಕಿನ ತಂತಿ ಏಕೆ ಹೊಗೆಯಾಡಿತು?

ಇಂಜಿನು, ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೆ ಹೊರಕ್ಕೆ ಎತ್ತಿ, ಸವೆದ ಕ್ಲಚ್ಚಿನ ತಟ್ಟೆಯನ್ನು ಬದಲಾಯಿಸಿ, ಬಿಚ್ಚಿದ್ದೆಲ್ಲವನ್ನೂ ಮತ್ತೆ ಯಥಾಸ್ಥಾನದಲ್ಲಿ ಕೂಡಿಸಿದ್ದಾಗಿದೆ. ದುಡಿಮೆ ಮುಗಿಯಿತೆಂಬ ಸಂತೋಷದಿಂದ ಗಾಡಿಯ ಒಡೆಯನು ಆಸನದಲ್ಲಿ ಕುಳಿತು, ಚೋಕಿನ ಗುಂಡಿಯನ್ನು ಹೊರಕ್ಕೆಳೆದು, ಕೀಲಿಯನ್ನು ತಿರುಗಿಸುತ್ತಾನೆ. 'ಟಕ್' ಎಂಬ ಸದ್ದು ಕೇಳಿಸುತ್ತದೆ. ಇಂಜಿನು ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದವನಂತೆ ತುಸು ಮಿಸುಕಿ ಸುಮ್ಮನಾಗುತ್ತದೆ. ಬ್ಯಾಟರಿಯಲ್ಲಿ ಶಕ್ತಿ ಸಾಲದೆಂದು ಹೇಳೋಣವೆಂದರೆ ಮುಂದಿನ ದೀಪಗಳು ಥಳಥಳಿಸುತ್ತಿವೆ. ಸ್ಟಾರ್ಟರು ಕೆಟ್ಟಿದೆಯೆಂದು ಹೇಳೋಣವೆಂದರೆ ಅದನ್ನು ಮೇಜಿನ ಮೇಲೆ ಓಡಿಸಿ ನೋಡಿದ್ದಾಗಿದೆ. ಎರಡನೆಯ ಸಲ, ಮೂರನೆಯ ಸಲ ಕೀಲಿಯನ್ನು ತಿರುಗಿಸಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ನೋಡಿದರೆ, ಚೋಕಿನ ತಂತಿಯಿಂದ ಹೊಗೆ ಏಳುತ್ತಿದೆ!

ಚೋಕಿನ ತಂತಿಗೂ ವಿದ್ಯುತ್ತಿಗೂ ಯಾವ ನಂಟೂ ಇಲ್ಲ. ಚಾಲಕನು ಗುಂಡಿಯನ್ನು ಎಳೆದಾಗ ಕಾರ್ಬುರೇಟರಿನ ಒಂದು ಸನ್ನೆಯನ್ನು ಜಗ್ಗುವುದಷ್ಟೇ ಅದರ ಕೆಲಸ; ಬಾವಿಯ ಹಗ್ಗಕ್ಕೂ ಅದಕ್ಕೂ ಭೇದವಿಲ್ಲ. ಹೀಗಿರುವಾಗ ಅದು ಕಾಯುವುದೇಕೆ?

ಇದು ನಾವು ಕಲ್ಪಿಸಿದ ಒಗಟಲ್ಲ. ಎಂ.ಜಿ.ಬಿ. ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಇಟ್ಟುಕೊಂಡವರಲ್ಲಿ ಇದು ಬಹು ಪ್ರಸಿದ್ಧವಾದ ಸಂಗತಿ. ಈ ಒಗಟನ್ನು ಬಿಡಿಸಿದವರಿಗೆ ಆ ಗಾಡಿಯ ಅರ್ಧದಷ್ಟು ರೋಗಗಳ ಮೂಲ ತಿಳಿದಂತೆಯೇ ಎಂದು ನಮಗೆ ತೋರುತ್ತದೆ. ಆದುದರಿಂದ ಮೊದಲು ಗಾಡಿಯ ಪರಿಚಯವನ್ನು ಮಾಡಿಕೊಳ್ಳೋಣ.

ಎಂ.ಜಿ.ಬಿ. ಹೊರಬಂದುದು ೧೯೬೨ರಲ್ಲಿ. ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ ೧೯೮೦ರವರೆಗೆ ಅದನ್ನು ತಯಾರಿಸಿದರು. ಈ ಅವಧಿಯಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಗಾಡಿಗಳು ಸಿದ್ಧವಾದುವು. ಅವುಗಳಲ್ಲಿ ಬಹುಪಾಲು ಕಡಲು ದಾಟಿ ಅಮೆರಿಕೆಗೆ ಹೋದುವು. ಇಬ್ಬರು ಕೂರಬಹುದಾದ ತಗ್ಗು ಗಾಡಿ, ಮಡಚಬಹುದಾದ ಬಟ್ಟೆಯ ಮಾಡು, ನಾಲ್ಕು ಸಿಲಿಂಡರುಗಳ ೧೭೯೮ ಘನ ಸೆಂಟಿಮೀಟರಿನ ಇಂಜಿನು, ಎರಡು ಕಾರ್ಬುರೇಟರುಗಳು. ಈ ಇಂಜಿನು ಬಿ ವರ್ಗದ್ದು. ನಮ್ಮ ಅಂಬಾಸಡರ್ ಕಾರಿನಲ್ಲಿ ೧೯೫೯ರಿಂದ ಬಹುಕಾಲ ದುಡಿದ ೧೪೮೯ ಘನ ಸೆಂಟಿಮೀಟರಿನ ಇಂಜಿನೂ ಅದೇ ವರ್ಗಕ್ಕೆ ಸೇರಿದುದು. ಎಂದರೆ, ಅಂಬಾಸಡರನ್ನು ಬಿಚ್ಚಿ ಕೂಡಿಸಿದ ನಮ್ಮೂರ ಮೇಸ್ತ್ರಿಯ ಮುಂದೆ ಎಂ.ಜಿ.ಬಿ.ಯ ಮುಚ್ಚಳವನ್ನು ಎತ್ತಿದರೆ ಹಳೆಯ ಪರಿಚಿತರ ದಾಯಾದಿಯೊಬ್ಬನನ್ನು ಕಂಡ ಹಾಗೆ ಅವನಿಗೆ ಅನ್ನಿಸೀತು.

ಈಗ ವಿದ್ಯುತ್ತಿನ ವಿಷಯ. ವಿದ್ಯುತ್ತು ಬ್ಯಾಟರಿಯ ಒಂದು ಧ್ರುವದಿಂದ ಹೊರಟು, ದೀಪವನ್ನೋ ಮೋಟಾರನ್ನೋ ಹಾದು, ಮತ್ತೊಂದು ಧ್ರುವಕ್ಕೆ ಮರಳಬೇಕೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಮನೆಯಲ್ಲಿ ಹೋಗಲೊಂದು ತಂತಿ, ಬರಲೊಂದು ತಂತಿ ಇರುತ್ತವೆ. ಮೋಟಾರು ಗಾಡಿಯಲ್ಲಾದರೋ ಹೋಗುವುದಕ್ಕೆ ಮಾತ್ರ ತಂತಿಯುಂಟು. ಮರಳುವ ಹಾದಿ ಗಾಡಿಯ ಉಕ್ಕಿನ ಒಡಲೇ. ಬ್ಯಾಟರಿಯ ಒಂದು ಧ್ರುವವನ್ನು ಒಡಲಿಗೆ ಬಿಗಿದಿರುತ್ತಾರೆ. ಪ್ರತಿಯೊಂದು ದೀಪದ ಒಂದು ತುದಿಯನ್ನೂ ಹತ್ತಿರದ ಉಕ್ಕಿನ ತಗಡಿಗೆ ಸೇರಿಸಿರುತ್ತಾರೆ. ಈ ಮರಳುವ ಹಾದಿಗೆ ಅರ್ತ್ ಎಂದು ಹೆಸರು. ನೆಲದ ಮಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಗಾಡಿಯ ಟೈರುಗಳು ರಬ್ಬರಿನವು.

ಹೋಗುವ ತಂತಿಗಳಿಗೆ ತಯಾರಕರು ಬಣ್ಣ ಬಳಿದು ಉಪಕಾರ ಮಾಡಿದ್ದಾರೆ. ಬ್ಯಾಟರಿಯಿಂದ ನೇರವಾಗಿ ಬರುವುದು ಕಂದು. ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವುದು ಬಿಳಿ. ಅದೇ ಫ್ಯೂಜನ್ನು ಹಾದು ಮುಂದುವರಿದರೆ ಹಸಿರು. ಮುಂದಿನ ದೊಡ್ಡ ದೀಪಗಳದು ನೀಲಿ. ಪಕ್ಕದ ಮತ್ತು ಹಿಂದಿನ ಸಣ್ಣ ದೀಪಗಳದು ಕೆಂಪು. ಒಡಲಿಗೆ ಸೇರುವ ತುಂಡು ತಂತಿ ಕಪ್ಪು. ಈ ಬಣ್ಣಗಳನ್ನು ಬಾಯಿಪಾಠ ಮಾಡಿಕೊಂಡವನು ನಕ್ಷೆಯಿಲ್ಲದೆಯೇ ಗಾಡಿಯಲ್ಲಿ ಬಹು ದೂರ ಹೋಗಬಲ್ಲನು. ಆದರೆ ಮರಳುವ ಹಾದಿಗೆ ಬಣ್ಣವಿಲ್ಲ. ಅದು ಎಲ್ಲೆಲ್ಲೂ ಇರುವುದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಗಟಿನ ಗಂಟು ಇಲ್ಲಿಯೇ ಇದೆ. ಇಂಜಿನಿನ ಅದುರು ಒಡಲಿಗೆ ತಾಗದಿರಲೆಂದು ಇಂಜಿನನ್ನೂ ಗೇರ್‌ಬಾಕ್ಸನ್ನೂ ರಬ್ಬರಿನ ದಿಮ್ಮಿಗಳ ಮೇಲೆ ಕೂರಿಸಿರುತ್ತಾರೆ. ರಬ್ಬರು ಅವಾಹಕ. ಆದ್ದರಿಂದ ಇಂಜಿನಿಗೆ ಬಿಗಿದ ಸ್ಟಾರ್ಟರಿನೊಳಕ್ಕೆ ಬಂದ ವಿದ್ಯುತ್ತು ಒಡಲಿಗೆ ದಾಟುವಂತಿಲ್ಲ. ದಾಟಿಸುವುದಕ್ಕಾಗಿಯೇ ತಾಮ್ರದ ಎಳೆಗಳನ್ನು ಹೆಣೆದ ಒಂದು ಪಟ್ಟಿಯನ್ನು ಇಂಜಿನು-ಗೇರ್‌ಬಾಕ್ಸುಗಳ ಜೋಡಿಗೂ ಒಡಲಿಗೂ ನಡುವೆ, ಗಾಡಿಯ ತಳದಲ್ಲಿ, ಬಿಗಿದಿರುತ್ತಾರೆ. ಇಂಜಿನನ್ನು ಇಳಿಸುವಾಗ ಇದನ್ನು ಬಿಚ್ಚಲೇಬೇಕು. ಏರಿಸುವಾಗ ಮರೆಯುವುದು ಸುಲಭ. ಮರೆಯದೆ ಬಿಗಿದರೂ, ಅಡಿಯಲ್ಲಿ ಬಣ್ಣವೋ ತುಕ್ಕೋ ಇದ್ದರೆ ಬಿಗಿದೂ ಬಿಗಿಯದಂತೆಯೇ.

ಪಟ್ಟಿ ಇಲ್ಲವಾದಾಗ ವಿದ್ಯುತ್ತು ಬೇರೆ ಹಾದಿಯನ್ನು ಹುಡುಕುತ್ತದೆ. ಇಂಜಿನಿನ ಲೋಹಕ್ಕೂ ಒಡಲಿನ ಲೋಹಕ್ಕೂ ನಡುವೆ ಉಳಿದಿರುವ ಸೇತುವೆಗಳು ಯಾವುವು? ಚೋಕಿನ ತಂತಿ, ವೇಗವರ್ಧಕದ ತಂತಿ, ಇಂಥ ಎರಡು ಮೂರು ಬಡಪಾಯಿಗಳು. ಲೆಕ್ಕಕ್ಕಾಗಿ ಈ ಸೇತುವೆಯ ರೋಧ ೦.೧ ಓಮ್ ಎಂದೂ, ಬ್ಯಾಟರಿ, ದಪ್ಪ ತಂತಿ, ಇನ್ನೂ ತಿರುಗದಿರುವ ಸ್ಟಾರ್ಟರು ಇವೆಲ್ಲ ಸೇರಿ ೦.೦೫ ಓಮ್ ಎಂದೂ ಇಟ್ಟುಕೊಳ್ಳೋಣ. ಓಮನ ನಿಯಮದಂತೆ ೧೨ ವೋಲ್ಟನ್ನು ೦.೧೫ರಿಂದ ಭಾಗಿಸಿದರೆ ೮೦ ಆಂಪೇರು ಬರುತ್ತದೆ. ತಣ್ಣಗಿರುವ ಇಂಜಿನನ್ನು ತಿರುಗಿಸಲು ಸ್ಟಾರ್ಟರಿಗೆ ಸುಮಾರು ೨೦೦ ಆಂಪೇರು ಬೇಕಾದೀತು. ೮೦ರಿಂದ ಅದು ಮಿಸುಕಬಹುದಷ್ಟೆ. ಇನ್ನು ಸೇತುವೆಯಲ್ಲಿ ಹುಟ್ಟುವ ಶಾಖವೆಷ್ಟು? ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬೇಕು: ೮೦ × ೮೦ × ೦.೧, ಎಂದರೆ ೬೪೦ ವಾಟ್. ಬಟ್ಟೆಗೆ ಇಸ್ತ್ರಿ ಮಾಡುವ ವಿದ್ಯುತ್ ಪೆಟ್ಟಿಗೆಯ ಶಾಖಕ್ಕೆ ಇದು ಹತ್ತಿರ. ಅದನ್ನು ಪೆನ್ಸಿಲಿಗಿಂತ ತೆಳ್ಳಗಿರುವ ಒಂದು ತಂತಿಯೊಳಗೆ ತುಂಬಿದರೆ ಹೊಗೆ ಏಳದೆ ಮತ್ತೇನಾದೀತು? ಅದರ ಮತ್ತೊಂದು ತುದಿ ಪೆಟ್ರೋಲು ತುಂಬಿದ ಕಾರ್ಬುರೇಟರಿನಲ್ಲಿದೆ ಎಂಬುದನ್ನು ನೆನೆದರೆ, ಇದು ನಗುವ ವಿಷಯವಲ್ಲವೆಂದೂ ತಿಳಿಯುತ್ತದೆ. ಹೊಗೆ ಕಂಡೊಡನೆ ಕೀಲಿಯಿಂದ ಕೈ ತೆಗೆದು ಬ್ಯಾಟರಿಯ ತಂತಿಯನ್ನು ಕಳಚಬೇಕು. ನಾಲ್ಕನೆಯ ಸಲ ಪ್ರಯತ್ನಿಸತಕ್ಕದ್ದಲ್ಲ.

ದೀಪಗಳು ಚೆನ್ನಾಗಿ ಉರಿದುದೇಕೆಂಬುದೂ ಈಗ ಸ್ಪಷ್ಟ. ಅವು ನೇರವಾಗಿ ಒಡಲಿಗೆ ಸೇರಿವೆ; ಇಂಜಿನಿನ ಗೊಡವೆ ಅವಕ್ಕಿಲ್ಲ.

ಇಂಥ ದೋಷವನ್ನು ಮೊದಲೇ ಹಿಡಿಯಲು ಒಂದು ವೋಲ್ಟ್‌ಮೀಟರು ಸಾಕು. ಅದರ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಧ್ರುವಕ್ಕೂ ಇನ್ನೊಂದನ್ನು ಇಂಜಿನಿನ ಹೊಳೆಯುವ ಲೋಹದ ಭಾಗವೊಂದಕ್ಕೂ ಒತ್ತಿ ಹಿಡಿದು, ಮತ್ತೊಬ್ಬರಿಂದ ಕ್ಷಣಕಾಲ ಕೀಲಿಯನ್ನು ತಿರುಗಿಸಬೇಕು. ಮರಳುವ ಹಾದಿ ಸರಿಯಾಗಿದ್ದರೆ ಮುಳ್ಳು ಅರ್ಧ ವೋಲ್ಟನ್ನೂ ಮುಟ್ಟುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಅದು ೮ ವೋಲ್ಟಿಗೆ ನೆಗೆಯುತ್ತದೆ. ಗಮನಿಸಿ: ಸ್ಟಾರ್ಟರನ್ನು ಓಡಿಸದೆ ಅಳೆದರೆ ಏನೂ ಕಾಣದು. ಪ್ರವಾಹ ಹರಿಯದಿದ್ದಾಗ ರೋಧದ ಎರಡು ತುದಿಗಳ ನಡುವೆ ಒತ್ತಡದ ಭೇದವೇ ಇರುವುದಿಲ್ಲ. ಅನೇಕರು ಎಡವುವುದು ಇಲ್ಲಿಯೇ; ಎಲ್ಲವನ್ನೂ ನಿಲ್ಲಿಸಿ ಅಳೆದು, 'ಸರಿಯಾಗಿದೆ' ಎಂದು ಮುಂದೆ ಹೋಗುತ್ತಾರೆ.

ಮಂಕು ದೀಪದ ಕಥೆಯೂ ಇದೇ. ಈ ಗಾಡಿಗಳ ವಿದ್ಯುತ್ ಸಲಕರಣೆಗಳನ್ನು ಒದಗಿಸಿದುದು ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪನಿ. ಅದರ ಸಂಸ್ಥಾಪಕ ಜೋಸೆಫ್ ಲ್ಯೂಕಸನಿಗೆ ಹಾಸ್ಯಗಾರರು 'ಕತ್ತಲೆಯ ರಾಜಕುಮಾರ' ಎಂಬ ಬಿರುದನ್ನು ಕೊಟ್ಟಿದ್ದಾರೆ. ಅವನ ದೀಪದ ಗುಂಡಿಗೆ ಮೂರು ಸ್ಥಾನಗಳಂತೆ: ಆರಿದುದು, ಮಂಕಾದುದು, ಮಿಣುಕುವುದು. ನಗೆ ಬರುವುದೇನೋ ನಿಜ. ಆದರೆ ಈ ಬಿರುದು ಬಹುಮಟ್ಟಿಗೆ ಅನ್ಯಾಯದ್ದೆಂದೇ ನಮ್ಮ ಅಭಿಪ್ರಾಯ. ಐವತ್ತು ಅರುವತ್ತು ವರ್ಷ ಮಳೆ, ಕೆಸರು, ಚಳಿನಾಡುಗಳ ರಸ್ತೆಗೆ ಎರಚುವ ಉಪ್ಪು ಇವನ್ನೆಲ್ಲ ಉಂಡ ಬೆಸುಗೆಗಳು ತುಕ್ಕು ಹಿಡಿದರೆ ಆ ತಪ್ಪು ದೀಪ ಮಾಡಿದವನದಲ್ಲ. ೧೨ ವೋಲ್ಟಿನ ೪೫ ವಾಟ್ ದೀಪದ ಮೂಲಕ ೩.೭೫ ಆಂಪೇರು ಹರಿಯುತ್ತದೆ. ಉರಿಯುವಾಗ ಅದರ ರೋಧ ೩.೨ ಓಮ್. ಅರ್ತಿನ ತಿರುಪಿನ ಅಡಿಯ ತುಕ್ಕು ಇದಕ್ಕೆ ಕೇವಲ ಒಂದು ಓಮನ್ನು ಸೇರಿಸಲಿ. ಪ್ರವಾಹ ಸುಮಾರು ೨.೮೬ ಆಂಪೇರಿಗೂ, ದೀಪಕ್ಕೆ ದೊರೆಯುವ ಶಕ್ತಿ ೨೬ ವಾಟಿಗೂ ಇಳಿಯುತ್ತದೆ. ತಂತು ತಣ್ಣಗಾದಂತೆ ಅದರ ರೋಧವೂ ತಗ್ಗುವುದರಿಂದ ಲೆಕ್ಕ ಸ್ವಲ್ಪ ಬದಲಾದೀತು. ಆದರೆ ಬೆಳಕು ಶಕ್ತಿಗಿಂತಲೂ ವೇಗವಾಗಿ ಕುಗ್ಗುವುದರಿಂದ, ಕಣ್ಣಿಗೆ ಕಾಣುವುದು ಅರ್ಧಕ್ಕಿಂತಲೂ ಕಡಿಮೆ. ಒಡೆಯನು ಹೊಸ ಬಲ್ಬನ್ನು ಕೊಂಡು ತರುತ್ತಾನೆ. ಅದೂ ಮಂಕು! ಲ್ಯೂಕಸನಿಗೆ ಮತ್ತಷ್ಟು ಬೈಗುಳ.

ಕೆಲವು ವೇಳೆ ಇದರಿಂದ ತಮಾಷೆಯೂ ಉಂಟಾಗುತ್ತದೆ. ತಿರುವಿನ ಸೂಚಕ ದೀಪವನ್ನು ಹಾಕಿದರೆ ಅದು ಸರಿಯಾಗಿ ಉರಿಯದೆ, ಹಾಕದಿದ್ದ ಪಕ್ಕದ ದೀಪ ತಾಳಕ್ಕೆ ತಕ್ಕಂತೆ ಮಿಣುಕತೊಡಗುತ್ತದೆ. ಎರಡು ದೀಪಗಳಿಗೂ ಒಂದೇ ಗೂಡು, ಒಂದೇ ಅರ್ತ್. ಅದು ಕೆಟ್ಟಾಗ ಸೂಚಕ ದೀಪದ ವಿದ್ಯುತ್ತು ಪಕ್ಕದ ದೀಪದ ತಂತುವನ್ನು ಹಿಮ್ಮುಖವಾಗಿ ಹಾದು, ಕೆಂಪು ತಂತಿಯನ್ನು ಹಿಡಿದು, ದೂರದ ಮತ್ತೊಂದು ದೀಪದ ಮೂಲಕ ಒಡಲನ್ನು ಸೇರುತ್ತದೆ. ಹೆದ್ದಾರಿ ಮುಚ್ಚಿದಾಗ ಜನರು ಗದ್ದೆಯ ಬದುವಿನ ಮೇಲೆ ನಡೆದಂತೆ.

ಬ್ಯಾಟರಿಯ ಬಗೆಗೆ ಒಂದು ಎಚ್ಚರಿಕೆ ಅಗತ್ಯ. ೧೯೬೭ರವರೆಗಿನ ಎಂ.ಜಿ.ಬಿ.ಗಳಲ್ಲಿ ಒಡಲಿಗೆ ಸೇರಿಸಿದುದು ಬ್ಯಾಟರಿಯ ಧನ ಧ್ರುವವನ್ನು. ಆಮೇಲಿನವುಗಳಲ್ಲಿ, ಡೈನಮೊ ಹೋಗಿ ಆಲ್ಟರ್ನೇಟರು ಬಂದಾಗ, ಋಣ ಧ್ರುವವನ್ನು. ನಡುವೆ ಕೈಬದಲಾದ ಗಾಡಿಗಳಲ್ಲಿ ಯಾರು ಯಾವುದನ್ನು ಎತ್ತ ತಿರುಗಿಸಿದ್ದಾರೋ ಹೇಳಬರುವುದಿಲ್ಲ. ನೋಡದೆ ಬ್ಯಾಟರಿಯನ್ನು ಹಿಂದುಮುಂದಾಗಿ ಜೋಡಿಸಿದರೆ ಆಲ್ಟರ್ನೇಟರಿನ ಡಯೋಡುಗಳು ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತವೆ. ೧೯೭೪ರವರೆಗೆ ಒಂದರ ಬದಲು ೬ ವೋಲ್ಟಿನ ಎರಡು ಬ್ಯಾಟರಿಗಳಿದ್ದವು, ಅದೂ ಆಸನಗಳ ಹಿಂದೆ, ನೆಲದ ಕೆಳಗೆ, ಚಕ್ರಗಳ ಕೆಸರು ಸಿಡಿಯುವ ಜಾಗದಲ್ಲಿ. ಕಣ್ಣಿಗೆ ಕಾಣದ್ದು ಮನಸ್ಸಿಗೂ ಬಾರದು. ಆ ಧ್ರುವಗಳ ಮೇಲೆ ಬಿಳಿ-ಹಸಿರು ಹಿಟ್ಟು ಬೆಳೆಯುತ್ತಲೇ ಇರುತ್ತದೆ.

ಹೊರಟ ಗಾಡಿ ದಾರಿಯಲ್ಲಿ ನಿಂತಿತೆಂದು ಭಾವಿಸೋಣ. ಪೆಟ್ರೋಲು ಇಂಜಿನಿಗೆ ಬೇಕಾದುದು ಪೆಟ್ರೋಲು ಬೆರೆತ ಗಾಳಿ ಮತ್ತು ಸಕಾಲದಲ್ಲಿ ಒಂದು ಕಿಡಿ. ಮೊದಲ ಪ್ರಶ್ನೆ, ತಪ್ಪಿದುದು ಯಾವುದು? ಗುಂಡಿ ಒತ್ತಿ ಆರಿಸಿದಂತೆ ಥಟ್ಟನೆ ನಿಂತರೆ ಕಿಡಿಯನ್ನು ಶಂಕಿಸಬೇಕು. ಮುಗ್ಗರಿಸಿ, ಚೇತರಿಸಿಕೊಂಡು, ಮತ್ತೆ ಮುಗ್ಗರಿಸಿ ನಿಂತರೆ ಪೆಟ್ರೋಲನ್ನು. ಇದು ಶಂಕೆ ಮಾತ್ರ, ತೀರ್ಪಲ್ಲ.

ಪೆಟ್ರೋಲಿನ ಪರೀಕ್ಷೆಗೆ ಕಿವಿಯೇ ಉಪಕರಣ. ಈ ಗಾಡಿಯ ಪೆಟ್ರೋಲು ಪಂಪು ವಿದ್ಯುತ್ತಿನಿಂದ ನಡೆಯತಕ್ಕದ್ದು. ಹಿಂದಿನ ಬಲಚಕ್ರದ ಸಮೀಪದಲ್ಲಿದೆ. ಸುರುಳಿಯೊಂದು ವಿದ್ಯುತ್ಕಾಂತವಾಗಿ ಒಂದು ಪೊರೆಯನ್ನು ಸೆಳೆಯುತ್ತದೆ. ಪೆಟ್ರೋಲು ಒಳಕ್ಕೆ ಬರುತ್ತದೆ. ಸೆಳೆತದ ಕೊನೆಯಲ್ಲಿ ಪುಟ್ಟ ಸ್ಪರ್ಶಬಿಂದುಗಳು 'ಟಿಕ್' ಎಂದು ಬೇರ್ಪಟ್ಟು ವಿದ್ಯುತ್ತು ನಿಲ್ಲುತ್ತದೆ. ಸ್ಪ್ರಿಂಗು ಪೊರೆಯನ್ನು ನೂಕಿ ಪೆಟ್ರೋಲನ್ನು ಮುಂದಕ್ಕೆ ಕಳಿಸುತ್ತದೆ. ಕಾರ್ಬುರೇಟರು ತುಂಬಿದಾಗ ಪೊರೆ ಸರಿಯಲಾರದೆ ಪಂಪು ತಾನಾಗಿ ಮೌನ ತಾಳುತ್ತದೆ. ಆದುದರಿಂದ ಕೀಲಿಯನ್ನು ತಿರುಗಿಸಿದಾಗ ಕೆಲವು ಟಿಕ್ಕುಗಳಾಗಿ ನಿಂತರೆ ಎಲ್ಲವೂ ಕ್ಷೇಮ. ಬಿಡುವಿಲ್ಲದೆ ಟಿಕ್ಕೆನ್ನುತ್ತಿದ್ದರೆ ತೊಟ್ಟಿ ಬರಿದಾಗಿದೆ, ಇಲ್ಲವೆ ಎಲ್ಲೋ ಗಾಳಿ ನುಸುಳುತ್ತಿದೆ, ಇಲ್ಲವೆ ಪೆಟ್ರೋಲು ಎಲ್ಲಿಯೋ ಸುರಿದುಹೋಗುತ್ತಿದೆ. ಮೊದಲಿನಿಂದಲೂ ಮೌನವಾಗಿದ್ದರೆ ವಿದ್ಯುತ್ತು ಬರುತ್ತಿಲ್ಲ, ಅಥವಾ ಮರಳುತ್ತಿಲ್ಲ, ಅಥವಾ ಸ್ಪರ್ಶಬಿಂದುಗಳು ಸುಟ್ಟು ಕರಕಾಗಿವೆ. ಹಳಬರು ಗಾಡಿಯಿಂದಿಳಿದು ಪಂಪಿಗೆ ಹಿಡಿಕೆಯಿಂದ ಮೆಲ್ಲಗೆ ಒಂದೇಟು ಹಾಕುವುದುಂಟು. ಅದು ಟಿಕ್ಕೆಂದು ಎಚ್ಚರಗೊಳ್ಳುತ್ತದೆ! ಇದರಲ್ಲಿ ಮಂತ್ರವಿಲ್ಲ. ಏಟಿನ ಅದುರಿಗೆ ಬಿಂದುಗಳು ಕರಕಿನಿಂದ ಸರಿದು ಲೋಹವನ್ನು ಲೋಹ ಮುಟ್ಟುತ್ತದೆ. ಮನೆಗೆ ಮುಟ್ಟಲು ಇಷ್ಟು ಸಾಕು, ಮರುದಿನಕ್ಕೆ ಸಾಲದು.

ಅಚ್ಚ ಯಾಂತ್ರಿಕ ದೋಷಗಳಲ್ಲಿಯೂ ಎರಡು ಲಕ್ಷಣಗಳನ್ನು ಜೊತೆಗಿಟ್ಟು ನೋಡಿದವನಿಗೆ ಕೆಲಸ ಹಗುರ. ನೀರಿನ ಶಾಖ ಏರುತ್ತಿದೆ ಎಂಬುದಕ್ಕೆ ಹತ್ತು ಕಾರಣಗಳುಂಟು. ಅದರೊಡನೆ ಬ್ಯಾಟರಿಯ ಕೆಂಪು ದೀಪವೂ ಹೊತ್ತಿಕೊಂಡರೆ ಕಾರಣ ಒಂದೇ: ನೀರಿನ ಪಂಪನ್ನೂ ಡೈನಮೊವನ್ನೂ ತಿರುಗಿಸುವ ಬೆಲ್ಟು ಒಂದೇ ಆಗಿದ್ದು, ಅದು ಹರಿದಿದೆ ಅಥವಾ ಸಡಿಲವಾಗಿದೆ. ಕ್ಲಚ್ಚಿನ ಪೆಡಲು ನೆಲಕ್ಕೆ ಕುಸಿದು, ಎರಡು ಮೂರು ಸಲ ತುಳಿದಾಗ ಮೇಲೇರಿದರೆ ದೋಷ ಕ್ಲಚ್ಚಿನದಲ್ಲ, ಎಣ್ಣೆಯ ಕೊಳವೆಗೆ ಸೇರಿದ ಗಾಳಿಯದು. ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಓಡುತ್ತಿರುವಾಗ ಸೊನ್ನೆಗೆ ಬಿದ್ದರೆ ಮಾತ್ರ ಯೋಚನೆ ಬೇಡ. ಇಂಜಿನನ್ನು ಆ ಕ್ಷಣವೇ ನಿಲ್ಲಿಸಬೇಕು.

ಕಿಡಿಯ ವಿಷಯವನ್ನು ಕೊನೆಗೆ ಇಟ್ಟುಕೊಂಡುದಕ್ಕೆ ಕಾರಣವಿದೆ. ಕಾಯಿಲಿನ ಮೂಲಕ ಹರಿಯುವ ೧೨ ವೋಲ್ಟಿನ ಪ್ರವಾಹವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಹಠಾತ್ತನೆ ಕಡಿದಾಗ, ಕಾಯಿಲಿನ ಕಾಂತಕ್ಷೇತ್ರ ಕುಸಿದು ಸಾವಿರಾರು ವೋಲ್ಟುಗಳು ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ನಿಮಿಷಕ್ಕೆ ೩೦೦೦ ಸುತ್ತು ತಿರುಗುವ ಇಂಜಿನಿನಲ್ಲಿ ಇದು ಸೆಕೆಂಡಿಗೆ ನೂರು ಸಲ ನಡೆಯಬೇಕು. ಪಾಯಿಂಟುಗಳು ತೆರೆದುಕೊಳ್ಳುವ ಅಂತರ ಒಂದು ಅಂಗುಲದ ಸಾವಿರದಲ್ಲಿ ಸುಮಾರು ೧೫ ಪಾಲು ಮಾತ್ರ. ಸವೆದು ಅಂತರ ಕಿರಿದಾದರೆ ಕಿಡಿ ಸೊರಗುತ್ತದೆ. ಪಾಯಿಂಟುಗಳ ಜೊತೆಗಿರುವ ಕಂಡೆನ್ಸರು ಕೆಟ್ಟರೆ ಅವು ಬೇಗನೆ ಸುಟ್ಟು, ಕಿಡಿ ನೀಲಿಯಾಗಿ ಸಿಡಿಯುವ ಬದಲು ಹಳದಿಯಾಗಿ ಬಸವಳಿಯುತ್ತದೆ.

ಇಲ್ಲಿ ಮತ್ತೊಂದು ಒಗಟುಂಟು. ಗಾಡಿ ನಿಂತಲ್ಲಿ ಇಂಜಿನು ಸೊಗಸಾಗಿ ಓಡುತ್ತದೆ. ವೇಗವರ್ಧಕವನ್ನು ತುಳಿದೊಡನೆ ಕೆಮ್ಮುತ್ತದೆ. ಒಂದೇ ಸಮನೆ ತುಳಿದಿಟ್ಟರೆ ಕೆಲವೊಮ್ಮೆ ಸರಿಹೋಗುತ್ತದೆ. ಯಾರಿಗಾದರೂ ಕಾರ್ಬುರೇಟರಿನ ಮೇಲೆಯೇ ಗುಮಾನಿ ಹುಟ್ಟುವುದು ಸಹಜ. ಅದರ ನೆತ್ತಿಯ ಕೊಳವೆಯಲ್ಲಿ ಎಣ್ಣೆ ಬತ್ತಿದ್ದರೂ ಇಂಥ ಕೆಮ್ಮು ಬರುವುದರಿಂದ ಅದನ್ನು ಮೊದಲು ನೋಡತಕ್ಕದ್ದೇ. ಎಣ್ಣೆ ಸರಿಯಾಗಿದ್ದರೆ? ಒಡೆಯನು ಕಾರ್ಬುರೇಟರುಗಳನ್ನು ಬಿಚ್ಚಿ ತೊಳೆಯುತ್ತಾನೆ, ತಿರುಪುಗಳನ್ನು ಅತ್ತಿತ್ತ ತಿರುಗಿಸುತ್ತಾನೆ, ಸೂಜಿಗಳನ್ನು ಬದಲಾಯಿಸುತ್ತಾನೆ. ಕೆಮ್ಮು ಹೋಗುವುದಿಲ್ಲ.

ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದರೆ ಪಾಯಿಂಟುಗಳು ಒಂದು ಪುಟ್ಟ ತಟ್ಟೆಯ ಮೇಲೆ ಕುಳಿತಿರುವುದು ಕಾಣುತ್ತದೆ. ಇಂಜಿನಿನ ಹೊರೆ ಬದಲಾದಂತೆ ಕಿಡಿಯ ಕಾಲವೂ ಬದಲಾಗಬೇಕಾದುದರಿಂದ, ಇಂಜಿನಿನ ಹೀರಿಕೆಯ ಬಲ ಆ ತಟ್ಟೆಯನ್ನು ತುಸು ಅತ್ತ, ತುಸು ಇತ್ತ ತಿರುಗಿಸುತ್ತಿರುತ್ತದೆ. ತಟ್ಟೆಯಿಂದ ಒಡಲಿಗೆ ವಿದ್ಯುತ್ತನ್ನು ಮರಳಿಸಲು ಬೆರಳುದ್ದದ, ಬಟ್ಟೆಯ ಹೊದಿಕೆಯ, ಬಹು ಮೆದುವಾದ ಒಂದು ತಂತಿಯಿದೆ. ಲಕ್ಷಾಂತರ ಸಲ ಬಾಗಿ ಬಾಗಿ ಅದರ ಎಳೆಗಳು ಹೊದಿಕೆಯೊಳಗೇ ಮುರಿದಿರುತ್ತವೆ. ಹೊರಗಿನಿಂದ ನೋಡಿದರೆ ಹೊಸದರಂತಿರುತ್ತದೆ. ತಟ್ಟೆ ನಿಶ್ಚಲವಾಗಿದ್ದಾಗ ಮುರಿದ ತುದಿಗಳು ಒಂದನ್ನೊಂದು ಮುಟ್ಟಿಕೊಂಡಿದ್ದು ಕಿಡಿ ಹಾರುತ್ತದೆ. ವೇಗವರ್ಧಕವನ್ನು ತುಳಿದು ತಟ್ಟೆ ತಿರುಗಿದಾಗ ತುದಿಗಳು ಅಗಲಿ ಕಿಡಿ ತಪ್ಪುತ್ತದೆ. ಓಮ್‌ಮೀಟರಿನ ಎರಡು ತುದಿಗಳನ್ನು ತಟ್ಟೆಗೂ ಡಿಸ್ಟ್ರಿಬ್ಯೂಟರಿನ ಹೊರಕವಚಕ್ಕೂ ಹಿಡಿದು, ತಟ್ಟೆಯನ್ನು ಬೆರಳಿನಿಂದ ತಿರುಗಿಸಿದರೆ ಮುಳ್ಳು ಕುಣಿಯತೊಡಗುತ್ತದೆ.

ಹೊಸ ತಂತಿಯನ್ನು ಹಾಕಲು ಹತ್ತು ನಿಮಿಷ ಸಾಕು. ತಿರುಪುಗಳನ್ನು ಮನಬಂದಂತೆ ತಿರುಗಿಸಿದ ಆ ಎರಡು ಕಾರ್ಬುರೇಟರುಗಳನ್ನು ಮತ್ತೆ ಒಂದಕ್ಕೊಂದು ಸರಿಹೊಂದಿಸಲು ಮಾತ್ರ ಒಂದು ಭಾನುವಾರವಿಡೀ ಬೇಕಾಗುತ್ತದೆ.